ಎಫೆಂದಿಯ ಟೊಪ್ಪಿಗೆ, ಅಜ್ಜನ ರುಮಾಲು

ಆಗೆಲ್ಲ ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವುದೆಂದರೆ ಕಣ್ಣಲ್ಲಿ ಕಲ್ಲಿದ್ದಲ ಪುಡಿ ಬೀಳಿಸಿಕೊಳ್ಳುವುದು ಎಂದೇ ಅರ್ಥ. ಕಿಟಕಿ ಪಕ್ಕ ಕೂತವರ ಕಣ್ಣು ದೇಸೂರು ದಾಟುವುದರೊಳಗೆ ಕೆಂಪಾಗುತ್ತಿತ್ತು, ಆದರೂ ಕಿಟಕಿಗಾಗಿಯೇ ಜಗಳ. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ: ದೀಪಾವಳಿ ಸೂಟಿ, ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಒಳಗೆ ಎರಡು ಫ್ರಾಕು ಮತ್ತು ಹಾಲಿಡೇ ಹೋಮ್‌ವರ್ಕು. ಎಲ್ಲಕ್ಕಿಂತ ಭಾರ ಅದೇ.

ನಾನು ಹೇಳುತ್ತಿರುವುದು ನಮ್ಮ ರಾಜ್ಯಕ್ಕೆ ಹೊಸ ಹೆಸರು ಬಂದ ವರ್ಷದ ಮಾತು. ದೀಪಾವಳಿ ಮುಗಿದು ಒಂದು ವಾರದೊಳಗೆ ಮೈಸೂರು ಹೋಗಿ ಕರ್ನಾಟಕ ಆಗುವುದಿತ್ತು. ನನಗೆ ಹದಿಮೂರು, ಕ್ಯಾಂಪಿನ ಕಾನ್ವೆಂಟಿನಲ್ಲಿ ನೈನ್ತ್. ಆ ಅಕ್ಟೋಬರ್ ಪೂರ್ತಿ ಪೇಪರಿನ ತುಂಬ ಅರಬರ ಯುದ್ಧ, ಅರಬರ ಎಣ್ಣೆ. ಅದಕ್ಕೇ ಇರಬೇಕು, ನಮಗೆ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ಬಿಯಾಟ್ರಿಸ್ ಪಾಠದ ಮೂಲೆಯಲ್ಲೆಲ್ಲೋ ಬಿದ್ದಿದ್ದ ಆಟೊಮನ್ ಸಾಮ್ರಾಜ್ಯವನ್ನು ಎಳೆದು ನಡುಮನೆಗೆ ತಂದಿಟ್ಟರು. ತುರ್ಕರ ಸುಲ್ತಾನ, ಅವನ ಕೈಕೆಳಗೆ ಅರಬರು, ಗ್ರೀಕರು, ಆರ್ಮೇನಿಯನ್ನರು, ಕುರ್ದರು, ಯೆಹೂದಿಗಳು. ಆ ದೊಡ್ಡ ಮನೆಯ ಗೋಡೆ ಒಂದೊಂದಾಗಿ ಕುಸಿಯುತ್ತಿದ್ದಾಗ ಅಲ್ಲಿಯ ದೊಡ್ಡ ಮನೆತನದ ಅರಬರು, ಅಂದರೆ ಜಮೀನು, ಓದು, ಸುಲ್ತಾನನ ಕಚೇರಿಯಲ್ಲಿ ಹುದ್ದೆ ಎಲ್ಲ ಇದ್ದವರು, ಯಾರಿಗೆ ನಿಷ್ಠರಾಗಿದ್ದರು? ಸುಲ್ತಾನನಿಗೋ, ತಮ್ಮ ಜನಕ್ಕೋ? ಸೂಟಿ ಮುಗಿದ ಮೇಲೆ ಸ್ಕೂಲ್ ಹಾಲಿನಲ್ಲಿ ಭಾಷಣ. ನನ್ನ ಪಾಲಿಗೆ ಬಂದದ್ದು ಒಬ್ಬ ಅರಬ್ ನೋಟಬಲ್. ಅವನೇ ಆಗಿ ಮೂರು ನಿಮಿಷ ಮಾತಾಡಬೇಕು. ಕಡೆಯ ವಾಕ್ಯ "ಐ ಆ್ಯಮ್" ಅಂತ ಶುರುವಾಗಬೇಕು, ಮುಂದೆ ಅವನು ಯಾರೆಂದು ಒಂದೇ ಮಾತಿನಲ್ಲಿ ಬರಬೇಕು. "ನೋ ಸಿಟಿಂಗ್ ಆನ್ ದ ಫೆನ್ಸ್, ಗರ್ಲ್ಸ್" ಎಂದರು ಸಿಸ್ಟರ್.

ಸಿಸ್ಟರ್ ಕೆಟ್ಟವರಲ್ಲ. ಇವತ್ತು ನಾನು ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಅವರು ತಿದ್ದಿದ ಕೈ. ಇಂಗ್ಲಿಷ್ ಕಂಪೊಸಿಷನ್ ಕೂಡ ಅವರದೇ, ಅದರಲ್ಲೂ ಪ್ರೆಸಿ. ಮೂರು ಪುಟ ಕೊಟ್ಟರೆ ಒಂದು ಪುಟಕ್ಕೆ ಇಳಿಸುವುದು. ಮುಖ್ಯ ವಿಚಾರ ಮೊದಲ ಸಾಲಿನಲ್ಲೇ ಇರುತ್ತದೆ, ಅದನ್ನು ಹಿಡಿ. ಉದಾಹರಣೆ ಕತ್ತರಿಸು. ಆಮೇಲೆ ಬರುವ ಊ, ಸಹ, ಜೊತೆಗೆ ಎಲ್ಲ ಕತ್ತರಿಸು. ನಕಾರದಲ್ಲಿ ಮುಗಿಸಬೇಡ. ಫೇರ್ ಕಾಪಿ ಆದ ಮೇಲೆ ರಫ್ ನಾಶ ಮಾಡು. ಕ್ಲಾಸಿನಲ್ಲಿ ನನಗಿಂತ ಚಲೋ ಪ್ರೆಸಿ ಬರೆಯುವವರು ಇರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ.

ಅರಬರ ವಿಷಯ ಎಂದಾಗ ನಾನು ಹೆದರಲಿಲ್ಲ, ಯಾಕೆಂದರೆ ಖಾನಾಪುರದಲ್ಲಿ ನನ್ನ ಅಜ್ಜ ಇದ್ದರು. ಇಪ್ಪತ್ತನೆಯ ವಯಸ್ಸಿಗೆ ಮೊದಲ ಮಹಾಯುದ್ಧದಲ್ಲಿ ದಂಡಿನ ಕಾರಕೂನರಾಗಿ ಬಸರಾಕ್ಕೆ ಹೋಗಿ ಮೂರು ವರ್ಷ ಇದ್ದು ಬಂದವರು. ಅವರ ಸಂದೂಕದಲ್ಲಿ ಒಂದು ಕೆಂಪು ಟೊಪ್ಪಿಗೆ ಇತ್ತು, ಕರಿ ಗೊಂಡೆಯದು. ಸಿಸ್ಟರ್ ಅದಕ್ಕೆ ಫೆಜ್ ಎನ್ನುತ್ತಿದ್ದರು, ಅಜ್ಜ ತರಬೂಷ ಎನ್ನುತ್ತಿದ್ದರು.

ಅಜ್ಜ ಕೊರಳಲ್ಲಿ ಲಿಂಗ ಕಟ್ಟಿದ, ವಚನ ಹೇಳಿ ಪೂಜೆ ಮುಗಿಸುವ ಕನ್ನಡದ ಮನುಷ್ಯ. ಅಜ್ಜಿಯೂ ಲಿಂಗವಂತರ ಮಗಳೇ, ಆದರೆ ಖಾನಾಪುರ ಪೇಟೆಯ ಹಳೆಯ ಮನೆತನ, ಮಾತು ಮರಾಠಿ. ಹೀಗಾಗಿ ನಮ್ಮ ಮನೆಯಲ್ಲಿ ಅಡುಗೆಮನೆಗೆ ಮರಾಠಿ, ಪಡಸಾಲೆಗೆ ಕನ್ನಡ, ನಡುವಿನ ಹೊಸ್ತಿಲ ಮೇಲೆ ಎರಡೂ. ಅಜ್ಜ ತಮ್ಮಂದಿರಿಗೆ ಕಾಗದ ಬರೆಯುವುದು ಮರಾಠಿಯಲ್ಲಿ, ಎಮ್ಮೆಗೆ ಬಯ್ಯುವುದು ಕನ್ನಡದಲ್ಲಿ. ಯಾವುದು ಯಾವ ಮಾತು ಎಂದು ನಾನು ಬೇರೆ ಮಾಡಿ ನೋಡಿಯೇ ಇರಲಿಲ್ಲ.

ದಿನಾ ಮುಂಜಾನೆ ಅಜ್ಜನ ರುಮಾಲು ಸುತ್ತುವುದೊಂದು ಕೆಲಸ. ಅಂಗಳದ ಆ ತುದಿಗೆ ಅಜ್ಜಿ ಬಿಳಿ ಬಟ್ಟೆಯ ಚುಂಗು ಹಿಡಿದು ನಿಲ್ಲುವಳು, ಈ ತುದಿಯಿಂದ ಅಜ್ಜ ತಾವೇ ತಿರುಗುತ್ತ ತಿರುಗುತ್ತ ಸುತ್ತಿಕೊಳ್ಳುತ್ತ ಅವಳ ಹತ್ತಿರ ಬರುವರು. ಅದಿಲ್ಲದೆ ಹೊಸ್ತಿಲು ದಾಟಿದವರಲ್ಲ. ಆ ಕಾಲದ ಗಂಡಸರು ಬರಿದಲೆಯಲ್ಲಿ ಬೀದಿಗಿಳಿಯುತ್ತಿದ್ದದ್ದು ಯಾರಾದರೂ ತೀರಿಕೊಂಡಾಗ ಮಾತ್ರ.

ಮನೆಗೆ ಹೊಂದಿಕೊಂಡ ಗಾಡಿ ಕೊಟ್ಟಿಗೆಯಲ್ಲಿ ಅಜ್ಜ ತೆರೆದ ವಾಚನಾಲಯ ಇತ್ತು. ಬಾಗಿಲ ಮೇಲೊಂದು ಹಲಗೆ, ಅದರಲ್ಲಿ ಎರಡು ಸಾಲು, ಮೇಲೆ ಕನ್ನಡ, ಕೆಳಗೆ ಮರಾಠಿ, ಅಕ್ಷರ ಒಂದೇ ಗಾತ್ರ. ಒಳಗೆ ಹಳೆಯ ಪೇಪರಿನ, ಸೀಮೆಎಣ್ಣೆಯ, ತೋಯ್ದ ಕಂಬಳಿಯ ವಾಸನೆ. ಸಂಜೆ ಐದಕ್ಕೆ ಇಬ್ಬರು ತಪ್ಪದೆ ಬರುತ್ತಿದ್ದರು. ಒಬ್ಬರು ಬಸಪ್ಪ ಮಾಸ್ತರು, ಕನ್ನಡ ಸಾಲಿಯಿಂದ ನಿವೃತ್ತರಾದವರು. ಇನ್ನೊಬ್ಬರು ಅಜ್ಜಿಯ ತಮ್ಮ ಗಣಪತರಾವ್, ಹಂಚಿನ ಭಟ್ಟಿಯವರು, ನಮಗೆಲ್ಲ ಗಣೂಮಾಮಾ. ಗೋಡೆಯ ಮೇಲಿನ ಗಡಿಯಾರ ಗಣೂಮಾಮಾನ ಅಪ್ಪ ಕೊಟ್ಟದ್ದು. ಅದಕ್ಕೆ ಕೀಲಿ ಕೊಡುವುದು ಮಾಸ್ತರ ಕೆಲಸ.

"ಮಾಸ್ತರ, ನಿಮ್ಮ ಕೈಯಾಗ ಕೀಲಿ ಕೊಟ್ಟಾಗಿಂದ ನಮ್ಮಪ್ಪನ ಗಡಿಯಾರ ಸಾಲಿ ಹುಡುಗರಗತೆ ತಡಾ ಮಾಡಿ ಬರಾಕತ್ತೈತಿ" ಎನ್ನುವರು ಗಣೂಮಾಮಾ.

"ಅದಕ್ಕ ಮರಾಠಿ ಅಷ್ಟ ತಿಳಿತೈತ್ರಿ. ನಾ ಏನ ಹೇಳಿದ್ರೂ ಕೇಳವಲ್ತು" ಎನ್ನುವರು ಮಾಸ್ತರು.

ಇಬ್ಬರೂ ನಗುವರು. ನಾನು ಒತ್ತಿ ಹೇಳುತ್ತಿರುವುದು ಇದನ್ನೇ. ನಗುತ್ತಿದ್ದರು.

ಆ ಸೂಟಿಯಲ್ಲಿ ನಾನು ಮತ್ತು ಗಣೂಮಾಮಾನ ಮೊಮ್ಮಗಳು ಶೈಲಾ ಅಂಗಳದಲ್ಲಿ ಕಿಲ್ಲಾ ಕಟ್ಟಿದೆವು. ನಮ್ಮ ಕಡೆ ದೀಪಾವಳಿ ಎಂದರೆ ಮಕ್ಕಳಿಗೆ ಅದೇ: ಇಟ್ಟಿಗೆ ಪೇರಿಸಿ, ಅದರ ಮೇಲೆ ಗೋಣಿಚೀಲ ಹೊದೆಸಿ, ಕುಂಬಾರ ಓಣಿಯಿಂದ ತಂದ ಕೆಂಪು ಮಣ್ಣು ಮೆತ್ತಿ ಬುರುಜು, ಮೆಟ್ಟಿಲು, ಬಾಗಿಲು ಮಾಡುವುದು. ಸಾಸಿವೆ ಉಗ್ಗಿದರೆ ನಾಲ್ಕು ದಿನಕ್ಕೆ ಹಸಿರು ಹುಲ್ಲು. ಪೇಟೆಯಿಂದ ತಂದ ಮಣ್ಣಿನ ಸಿಪಾಯಿಗಳನ್ನು ಅಲ್ಲಲ್ಲಿ ನಿಲ್ಲಿಸುವುದು. ಕೈಯೆಲ್ಲ ಕೆಸರು, ಆ ಕೈಯಲ್ಲೇ ಕರಜಿಕಾಯಿ.

ನಡುಮಧ್ಯಾಹ್ನ ಅಜ್ಜ ಪಡಸಾಲೆಯ ಕಟ್ಟೆಯ ಮೇಲೆ ಕೂತು ಅಡಕಿ ಕತ್ತರಿಸುತ್ತ ಬಸರಾದ ಕಥೆ ಹೇಳುತ್ತಿದ್ದರು. ನಾನು ಮಣ್ಣು ಕಲಸುತ್ತಲೇ ಕೇಳುವೆ, ಮಧ್ಯೆ ಕೈ ತೊಳೆದು ನೋಟ್‌ಬುಕ್ಕಿಗೆ ಓಡುವೆ. ಕಥೆಯಲ್ಲಿ ಒಬ್ಬನೇ ಮನುಷ್ಯ. ಯೂಸುಫ್ ಎಫೆಂದಿ. ಎಫೆಂದಿ ಎಂದರೆ ನಾವು ರಾಯರು ಎಂದಂತೆ, ಓದಿದ ದೊಡ್ಡವರಿಗೆ ತುರ್ಕರು ಕೊಡುವ ಮರ್ಯಾದೆ. ಖರ್ಜೂರದ ತೋಟಗಳ ಒಡೆಯ, ಇಸ್ತಂಬೂಲಿನಲ್ಲಿ ಕಾಯದೆ ಓದಿ ಸುಲ್ತಾನನ ಕಚೇರಿಯಲ್ಲಿ ಇದ್ದವನು. ಊರು ಇಂಗ್ಲಿಷರ ಕೈಗೆ ಬಂದ ಮೇಲೆ ತುರ್ಕಿ ಬರವಣಿಗೆಯ ಹಳೆಯ ಜಮೀನು ಕಾಗದ ಓದಿಸಲು ಅವನೇ ಬೇಕಾಯಿತು. ಅವನು ಓದಿ ಹೇಳಿದ್ದನ್ನು ಬರೆದುಕೊಳ್ಳಲು ಕೂಡಿಸಿದ್ದು ನಮ್ಮ ಅಜ್ಜನನ್ನು.

"ಅರ್ಧಾ ಉರ್ದು, ಪಾವ ಇಂಗ್ಲಿಷು, ಉಳದದ್ದು ಕೈಸನ್ನಿ. ಹಿಂಗ ನಮ್ಮ ಮಾತು" ಎಂದರು ಅಜ್ಜ. "ನಾ ಮಾಂಸ ತಿನ್ನೂದಿಲ್ಲಂತ ಗೊತ್ತಾದ ಕೂಡಲೆ ತನ್ನ ತಾಯಿಗೆ ಹೇಳಿ ನನಗಂತ ಬ್ಯಾರೆ ಗಡಿಗ್ಯಾಗ ಬ್ಯಾಳಿ ಮಾಡಸತಿದ್ದ. ಆಕೀ ಮಾರಿ ನಾ ಒಂದಿನಾನೂ ನೋಡ್ಲಿಲ್ಲ. ಬ್ಯಾಳಿ ರುಚಿ ಇನ್ನೂ ಐತಿ ನಾಲಿಗಿ ಮ್ಯಾಲೆ."

ಎಫೆಂದಿಯ ತರಬೂಷವನ್ನು ದಿನಾ ಮುಂಜಾನೆ ಹಿತ್ತಾಳೆ ಅಚ್ಚಿಗೆ ಹಾಕಿ ಇಸ್ತ್ರಿ ಮಾಡುತ್ತಿದ್ದರಂತೆ. ಅದು ಸುಲ್ತಾನನ ಕಚೇರಿಯವರ ಗುರುತು. ತಲೆವಸ್ತ್ರ ಹೊದ್ದವರು ಅರಬರು, ಟೊಪ್ಪಿಗೆಯವರು ಸರಕಾರದವರು. ಎಫೆಂದಿ ಎರಡೂ.

"ಅಂವಾ ಸುಲ್ತಾನಗ ನಿಷ್ಠ ಇದ್ದನೇನ್ರಿ ಅಜ್ಜಾ?" ನಾನು ಪೆನ್ಸಿಲ್ ಹಿಡಿದು ಕೇಳಿದೆ.

"ಇದ್ದ. ಆದ್ರ ಸುಲ್ತಾನನ ಮಂದಿ ಇವನ ಹೆಸರ ಬಂಡಖೋರರ ಯಾದ್ಯಾಗ ಬರಕೊಂಡಿದ್ರು."

"ಯಾಕ್ರಿ?"

"ಇಸ್ತಂಬೂಲದಾಗ ಹೊಸಾ ಹುಡುಗ್ರು ಅಧಿಕಾರಕ್ಕ ಬಂದು, ಕೋರ್ಟಿನಾಗ ಸಾಲ್ಯಾಗ ಎಲ್ಲಾ ಕಡೆ ತುರ್ಕಿ ನಡೀಬೇಕು ಅಂದ್ರು. ಇಂವಾ, ನಮ್ಮ ಸಾಲ್ಯಾಗ ಅರಬಿ ಇರ್ಲಿ, ನಮ್ಮ ಕಚೇರ್ಯಾಗ ನಮ್ಮವರು ಇರ್ಲಿ, ಮ್ಯಾಲೆ ಸುಲ್ತಾನ ಹೆಂಗೂ ಇದ್ದಾನ ಅಂತ ಅರ್ಜಿಗೆ ಸಹಿ ಹಾಕಿದ. ಅಷ್ಟಕ್ಕ ಬಂಡಖೋರ. ಅಂಥಾವ್ರನ್ನ ಡಮಾಸ್ಕಸದಾಗ ಗಲ್ಲಿಗೆ ಹಾಕಿದ್ರು, ಗೊತ್ತೇನು? ಇವನ ಕೂಡ ಓದಿದಂವ ಒಬ್ಬ ಇದ್ದ ಅದರಾಗ."

ಅಬ್ಬ, ಸಿಕ್ಕಿತು ಎಂದುಕೊಂಡು "ಹೇಟ್ಸ್ ದ ಟರ್ಕ್ಸ್" ಎಂದು ಬರೆದೆ.

"ಆಮ್ಯಾಲೆ ನಮ್ಮ ಸಾಹೇಬ ಬಂದು ಹೇಳ್ದ, ಎಫೆಂದಿ, ನೀ ಅರಬ, ತುರ್ಕ ನಿನ್ನ ತುಳದಾನ, ಈಗ ಛಲೋ ಅವನ್ನ ಬಯ್ದು ಒಂದ ಕಾಗದಾ ಬರಕೊಡು. ಇಂವಾ ಬರೀಲಿಲ್ಲ. ಇವನ ತಮ್ಮ ಸುಲ್ತಾನನ ದಂಡಿನ್ಯಾಗ ಇದ್ದ, ನಮ್ಮ ಮ್ಯಾಲೇ ಗುಂಡ ಹಾರಸಾಕತ್ತಿದ್ದ. ಅಣ್ಣನ ಮಗಾ ಸುಲ್ತಾನನ ವಿರುದ್ಧ ಎದ್ದ ಅರಬರನ್ನ ಹುಡಿಕ್ಕೊಂಡು ಮರಳುಗಾಡಿಗೆ ಓಡಿ ಹೋಗಿದ್ದ. ಮೂರೂ ಮಂದಿಗೆ ಬುತ್ತಿ ಕಟ್ಟಿದಾಕಿ ಇವನ ತಾಯಿ ಒಬ್ಬಾಕಿನ."

ಬರೆದದ್ದನ್ನು ರಬ್ಬರಿನಿಂದ ಅಳಿಸಿದೆ. ಕಾಗದ ಹರಿಯಿತು. ಇಂದಿಗೂ ಆ ಕಿರಿಕಿರಿ ನೆನಪಿದೆ. "ಹಂಗಾರ ಕಡೀಗೆ ಅಂವಾ ಯಾರ ಕಡೆ, ಅಜ್ಜಾ?"

"ಅಂವಾ ಬಸರಾದಂವ."

"ಅದು ಊರಾತ್ರಿ. ಸಿಸ್ಟರ್ ನೇಷನ್ ಕೇಳ್ತಾರ."

"ನಿಮ್ಮ ಸಿಸ್ಟರಗ ಒಂದಿನ ಬಂದು ಚಾ ಕುಡದು ಸಾವಕಾಶ ಕೇಳಂತ ಹೇಳು."

ಶೈಲಾ ಕಿಲ್ಲಾದ ಹಿಂದಿನಿಂದ ಕಿಸಕ್ಕನೆ ನಕ್ಕಳು.

ಎಫೆಂದಿಯ ಕಥೆ ಮುಗಿದದ್ದು ಪಾಡ್ಯದ ದಿನ. ಬಗದಾದ ಬಿದ್ದ ಮೇಲೆ ಬಸರಾದಲ್ಲಿ ಇಂಗ್ಲಿಷ್ ಸಾಹೇಬರು ಒಂದು ದರಬಾರು ಮಾಡಿದರಂತೆ. ತಲೆವಸ್ತ್ರದವರು ಬಂದರೆ ಕೈಕುಲುಕಿ ಕುರ್ಚಿ. ಇನ್ನೂ ತರಬೂಷ ಹಾಕಿಕೊಂಡು ಬಂದವರ ಹೆಸರು ಬಾಗಿಲಲ್ಲೇ ಬರೆದುಕೊಳ್ಳುವುದು. ಯೂಸುಫ್ ಎಫೆಂದಿ ಬರಿದಲೆಯಲ್ಲಿ ಬಂದ. "ಆ ಊರಾಗ ಅಂಥಾ ಮನಶ್ಯಾ ಬರಿದಲೀಲೆ ಹೊರಗ ಬರೂದಂದ್ರ, ತಂಗಿ, ಅರಬಿ ಬಿಟ್ಟ ಬಂದಂಗ ಅಲ್ಲ, ತುರ್ಕಿ ಬಿಟ್ಟ ಬಂದಂಗೂ ಅಲ್ಲ. ಮನಿಯಾಗ ಹೆಣಾ ಇಟ್ಟು ಬಂದಂಗ. ಎಲ್ಲಾರೂ ತಲಿ ಕೆಟ್ಟೈತಿ ಅಂದ್ರು." ಅಜ್ಜ ಊರಿಗೆ ಹೊರಟ ದಿನ ಆ ಟೊಪ್ಪಿಗೆಯನ್ನು ಅವರ ಕೈಯಲ್ಲಿಟ್ಟನಂತೆ. ನೀನು ಒಯ್ಯಿ, ನಿಮ್ಮ ಊರಲ್ಲಿ ಇದಕ್ಕೇನೂ ಅರ್ಥ ಇಲ್ಲ, ಅಲ್ಲಿ ಸುಮ್ಮನೆ ಟೊಪ್ಪಿಗೆಯಾಗಿ ಇರುತ್ತದೆ, ಎಂದನಂತೆ.

ಅದೇ ಸಂಜೆ ನಾವು ಕಿಲ್ಲಾಕ್ಕೆ ನಿಶಾನೆ ಹಚ್ಚಬೇಕಿತ್ತು. ಶೈಲಾ ಮರಾಠರ ಕಾವಿ ಬಣ್ಣದ ಭಗವಾ ತಂದಿದ್ದಳು. ನಾನು ಬೆಳಗಾವಿಯಿಂದ ಕೆಂಪು ಹಳದಿ ಕಾಗದದ್ದು ತಂದಿದ್ದೆ. ಬುರುಜು ಒಂದೇ. ಅಜ್ಜನ ಹತ್ತಿರ ಹೋದೆವು.

"ಕಿಲ್ಲಾದಾಗ ಇರೂ ಮಂದಿ ಯಾರು?" ಎಂದರು.

"ಮಣ್ಣಿನ ಸಿಪಾಯಿಗೋಳು."

"ಅವ್ರನ್ನ ಕೇಳ್ರಿ ಹೋಗ್ರಿ."

ಶೈಲಾ ಅಂಗಳಕ್ಕೆ ಬಂದು ನನ್ನ ಕಿವಿಯ ಹತ್ತಿರ ಹೇಳಿದಳು: "ನಿಮ್ಮಜ್ಜಗ ಅಂಜಿಕಿ. ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ನಮ್ಮ ಮನ್ಯಾಗ ಎಲ್ಲಾರೂ ಅಂತಾರ."

ಆ ಮಾತು ಮೈಗೆ ಮುಳ್ಳಿನಂತೆ ನಟ್ಟಿತು. ಯಾಕೆಂದರೆ ಒಳಗೊಳಗೆ ನನಗೂ ಹಾಗೇ ಅನಿಸತೊಡಗಿತ್ತು.

ಹೊಸ ಹೆಸರಿನ ರಾಜ್ಯದಲ್ಲಿ ವಾಚನಾಲಯದ ನೋಂದಣಿ ಹೊಸದಾಗಿ ಆಗಬೇಕಿತ್ತು. ಕಚೇರಿಯಿಂದ ಒಂದು ನಮೂನೆ ಬಂದಿತ್ತು. ಸ್ಥಾಪಿಸಿದವರು ಯಾರು, ಸಂಸ್ಥೆಯ ಭಾಷೆ ಯಾವುದು, ಎರಡು ಮಾತು ಬರೆದು ಕಳಿಸಿ ಎಂದು. ಹಲಗೆಗೂ ಬಣ್ಣ ಹಚ್ಚಬೇಕು ಎಂದು ಕೆಳಗಿಳಿಸಿ ಗೋಡೆಗೆ ಆನಿಸಿ ಇಟ್ಟಿದ್ದರು. ಅಷ್ಟರಿಂದಲೇ ಸಂಜೆಯ ನಗು ಕಮ್ಮಿಯಾಗಿತ್ತು. ಮಾಸ್ತರು ಒಮ್ಮೆ ಒಬ್ಬರೇ ಬಂದು, "ಅಣ್ಣಾರ, ನೀವು ಕನ್ನಡದವ್ರು, ಜಾಗಾ ನಿಮ್ದು. ಈಗರ ಬಾಯಿಬಿಟ್ಟು ಹೇಳ್ರಿ" ಎಂದು ಹೋದರು. ಗಣೂಮಾಮಾ ಒಮ್ಮೆ ಒಬ್ಬರೇ ಬಂದು, "ದಾಜಿ, ಮೊದಲನೇ ಪುಸ್ತಕ ಮರಾಠಿದು ಇತ್ತು, ನೆನಪೈತಿಲ್ಲ?" ಎಂದು ಹೋದರು. ಅಕ್ಕನ ಗಂಡನಿಗೆ ದಾಜಿ ಎನ್ನುವುದು ಅವರ ಮನೆಯ ರೂಢಿ. ದಾಜಿಯ ಜೊತೆ ಮಾತ್ರ ಅವರು ಯಾವಾಗಲೂ ಕನ್ನಡ ಮಾತಾಡುತ್ತಿದ್ದರು, ಅದು ಅವರು ಇಟ್ಟುಕೊಂಡ ಮರ್ಯಾದೆ.

ಅಜ್ಜ ಮೂರು ದಿನ ಕೂತು ಉತ್ತರ ಬರೆದರು, ಇಂಗ್ಲಿಷಿನಲ್ಲಿ. "ಇದು ಇಬ್ಬರಿಗೂ ಪರಕೀಯ, ಯಾರೂ ಸಿಟ್ಟಾಗಂಗಿಲ್ಲ" ಎಂದರು. ಮೂರು ಪುಟ, ನೀಲಿ ಶಾಯಿ, ದಂಡಿನ ಕಾರಕೂನರ ಉದ್ದುದ್ದ ವಾಕ್ಯ. ಕೈ ನಡುಗುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. "ತಂಗಿ, ಇದನ್ನ ಚಂದಾಗಿ ಎರಡ ಪ್ರತಿ ತಗದು ಕೊಡು. ಒಂದ ಕಚೇರಿಗೆ, ಒಂದ ಒಂದನೇ ತಾರೀಖು ಸಭಾದಾಗ ಓದಾಕ."

ನಾನು ಓದಿದೆ. ಮೊದಲ ವಾಕ್ಯ: ಈ ವಾಚನಾಲಯವನ್ನು ಕನ್ನಡದವನಾದ ನಾನು ನನ್ನ ತಂದೆಯ ಗಾಡಿ ಕೊಟ್ಟಿಗೆಯಲ್ಲಿ ಆರಂಭಿಸಿದೆ. ಆಮೇಲೆ ಬರೀ ಉದಾಹರಣೆ. ಯಾರ ಗಡಿಯಾರ, ಯಾರ ಬೆಂಚು, ಯಾವ ಓಣಿಯವರು ಯಾವ ಪೇಪರು ತರಿಸಿದರು. ಪುಟಗಟ್ಟಲೆ ಊ, ಸಹ, ಜೊತೆಗೆ. ಕಡೆಗೆ ನಕಾರ: ಆದಕಾರಣ ಈ ಕಾಲಮ್ಮಿನಲ್ಲಿ ಒಂದೇ ಹೆಸರು ತುಂಬಲು ದಯವಿಟ್ಟು ನಮಗೆ ಹೇಳಬಾರದು.

ಸಿಸ್ಟರ್ ಇದ್ದಿದ್ದರೆ ಕೆಂಪು ಶಾಯಿಯ ಬಾಟ್ಲಿಯೇ ಮುಗಿಯುತ್ತಿತ್ತು. ನನ್ನ ಅಜ್ಜ ಹೀಗೆ ಸುತ್ತಿ ಬಳಸಿ ಬರೆದು ನಗೆಪಾಟಲಾಗುವುದು ನನಗೆ ಬೇಡವಾಗಿತ್ತು. ಅವರು ಅಂಜುವವರಲ್ಲ ಎಂದು ಶೈಲಾಗೆ ತೋರಿಸಬೇಕಿತ್ತು. ನಾನು ಪ್ರೆಸಿ ಮಾಡಿದೆ. ಒಂದು ಪುಟ, ಮಾರ್ಜಿನ್ ಬಿಟ್ಟು, ಇಟಾಲಿಕ್ ನಿಬ್ಬಿನಲ್ಲಿ. ಮುಖ್ಯ ವಿಚಾರ ಹಿಡಿದೆ: ಇದು ಕನ್ನಡಿಗರೊಬ್ಬರು ಸ್ಥಾಪಿಸಿದ ಕನ್ನಡ ವಾಚನಾಲಯ. ಕಡೆಯ ಸಾಲು: ಲ್ಯಾಂಗ್ವೇಜ್, ಕನ್ನಡ.

"ಓದಿ ತೋರಸ್ಲೇನ್ರಿ?" ಎಂದೆ.

"ಬ್ಯಾಡ. ನನ್ನ ಮಾತು ನನಗ ಗೊತ್ತಿಲ್ಲೇನು" ಎಂದು ಎರಡಕ್ಕೂ ಸಹಿ ಹಾಕಿದರು. ಅಂದೇ ಒಂದು ಟಪಾಲಿಗೆ ಹೋಯಿತು. ಮರುದಿನ ಮುಂಜಾನೆ ಸ್ನಾನಕ್ಕೆ ಹೋಗುವಾಗ ರಫ್ ಪುಟಗಳನ್ನು ನೀರು ಕಾಯಿಸುವ ಹಂಡೆಯ ಒಲೆಗೆ ಹಾಕಿದೆ. ನಾಶ ಮಾಡಬೇಕು ಎಂಬುದು ನಿಯಮ.

ಒಂದನೇ ತಾರೀಖು ವಾಚನಾಲಯದಲ್ಲಿ ನಲವತ್ತು ಜನ ಕೂತಿದ್ದರು. ಮಾಸ್ತರು ಪತ್ರ ಓದಿದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಓದುತ್ತ ಓದುತ್ತ ಅವರ ಧ್ವನಿ ಏರಿತು. ನಾನು ಬಾಗಿಲಲ್ಲಿ ನಿಂತು ಚಪ್ಪಾಳೆಗೆ ಕಾಯುತ್ತಿದ್ದೆ. ಒಂದಿಷ್ಟು ಚಪ್ಪಾಳೆ ಬಂತು ಕೂಡ. ಅಜ್ಜ ಕೂತಲ್ಲೇ ನೆಟ್ಟಗಾದರು.

ಗಣೂಮಾಮಾ ಎದ್ದು ನಿಂತರು. "ದಾಜಿ, ಹೇ ತುಮ್ಹೀ ಲಿಹಿಲಂ?" ಎಂದರು. ಇದನ್ನು ನೀವು ಬರೆದಿರಾ ಎಂದು. ದಾಜಿಯ ಜೊತೆ ಅವರು ಮರಾಠಿ ಮಾತಾಡಿದ್ದು ಅದೇ ಮೊದಲು.

"ಸಹಿ ನಂದು" ಎಂದರು ಅಜ್ಜ. "ಮಾತು ಇಷ್ಟ ಇದ್ದಿದ್ದಿಲ್ಲ. ಮೂರ ಪಾನ ಬರದಿದ್ದೆ."

"ಅಣ್ಣಾರ, ಈಗ ಹಿಂದ ಸರೀಬ್ಯಾಡ್ರಿ" ಎಂದರು ಮಾಸ್ತರು, ಬೇಡಿಕೊಳ್ಳುವಂತೆ.

"ಮೂರ ಪಾನ ಎಲ್ಲದಾವ? ತರಸ್ರಿ ಹಂಗಾರ" ಎಂದರು ಹಿಂದಿನಿಂದ ಯಾರೋ.

ಅಜ್ಜ ನನ್ನ ಕಡೆ ತಿರುಗಿ ಮೆಲ್ಲಗೆ, "ವಿಜೂ, ನನ್ನ ಕರಡ ತಗೊಂಡ ಬಾರವಾ" ಎಂದರು.

ನಾನು ಅವರ ಹತ್ತಿರ ಹೋಗಿ, ಬಗ್ಗಿ, ಕಿವಿಯಲ್ಲಿ ಹೇಳಿದೆ: "ಒಲಿಗೆ ಹಾಕೇನ್ರಿ ಅಜ್ಜಾ. ಫೇರ್ ಕಾಪಿ ಆದ ಮ್ಯಾಲೆ ಇಡಬಾರದು."

ಅವರು ನನ್ನನ್ನೇ ನೋಡಿದರು. ಪೊರೆ ಬಂದ ಆ ಕಣ್ಣಿಗೆ ನಾನು ಎಷ್ಟು ಕಂಡೆನೋ. ನನ್ನ ಬೆನ್ನ ಮೇಲೆ ಕೈಯಿಟ್ಟು ಸಭೆಗೆ ಹೇಳಿದರು: "ಕರಡು ಸಿಗವಲ್ತು."

"ಸಿಗೂದಿಲ್ಲ ಬಿಡ್ರಿ" ಎಂದು ಅದೇ ಹಿಂದಿನ ಧ್ವನಿ. ಮಂದಿ ನಕ್ಕರು. ಈ ಮೊಮ್ಮಗಳು ಬರೆದದ್ದು, ಹುಡುಗಿಯ ತಪ್ಪು, ಎಂದು ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಸಿಟ್ಟು ಇವತ್ತಿಗೂ ಯಾರ ಮೇಲೆ ಎಂದು ಕೇಳಿದರೆ, ಅಲ್ಲಿ ಅಜ್ಜನ ಪಕ್ಕ ನಿಂತು ಪಾಲಿಷ್ ಮಾಡಿದ ಬೂಟು ನೋಡಿಕೊಳ್ಳುತ್ತಿದ್ದ ಹುಡುಗಿಯ ಮೇಲೆ.

ಗಣೂಮಾಮಾ ಬೆಂಚು ಹತ್ತಿ ಗಡಿಯಾರ ಇಳಿಸಿಕೊಂಡರು. ಅದು ಅವರ ಎದೆಗೆ ಆನಿಕೊಂಡು ಟಿಕ್ ಟಿಕ್ ಎನ್ನುತ್ತಲೇ ಹೋಯಿತು. ಗೋಡೆಯ ಮೇಲೆ ದುಂಡಗೆ ಬಿಳಿ ಗುರುತು ಉಳಿಯಿತು. ಅವರ ಹಿಂದೆ ಅರ್ಧ ಸಭೆ ಎದ್ದಿತು.

ಮರುದಿನ ಹೊಸ ಹಲಗೆ ಏರಿಸುವುದಿತ್ತು. ಒಂದೇ ಸಾಲು. ಮಾಲೆ ಹಾಕಲು ಅಜ್ಜನನ್ನು ಕರೆಯಲು ಮಾಸ್ತರು ಬಂದರು. ಅಂಗಳದಲ್ಲಿ ಅಜ್ಜಿ ಎಂದಿನಂತೆ ರುಮಾಲಿನ ಚುಂಗು ಹಿಡಿದು ನಿಂತಿದ್ದಳು. ಅಜ್ಜ ಅವಳ ಕೈಯಿಂದ ಅದನ್ನು ಬಿಡಿಸಿಕೊಂಡು, ಮಡಿಸಿ, ಗೂಟಕ್ಕೆ ಹಾಕಿ, ಹೊಸ್ತಿಲು ದಾಟಿದರು. ಎಪ್ಪತ್ತೇಳು ವರ್ಷದ ತಲೆ, ಅಲ್ಲಲ್ಲಿ ಬಿಳಿ ಕೂದಲು, ಬಿಸಿಲು ಕಾಣದ ಹಣೆ. ವಾಚನಾಲಯದ ಮುಂದೆ ಕೂಡಿದವರೆಲ್ಲ ತಿರುಗಿ ನೋಡಿದರು.

"ಅಣ್ಣಾರ, ರುಮಾಲ ಮರತ್ರೇನ್ರಿ?" ಮಾಸ್ತರು ಪಿಸುಗುಟ್ಟಿದರು.

"ಇಲ್ಲ ಮಾಸ್ತರ. ಸುತಗೊಂಡ ಬಂದ್ರ, ಇಂವಾ ನಮ್ಮಂವ ಅಂತ ಯಾರರ ಒಬ್ರು ಅಂತೀರಿ."

ಮಾಲೆ ಹಾಕಲಿಲ್ಲ, ಬೇಡ ಎನ್ನಲೂ ಇಲ್ಲ. ಸ್ವಲ್ಪ ಹೊತ್ತು ನಿಂತು ತಿರುಗಿ ಬಂದರು. ಅಣ್ಣಾರಿಗೆ ಅರಳುಮರಳು ಎಂದು ಒಬ್ಬರು, ಎರಡೂ ಕಡೆ ಆಟ ಆಡುತ್ತಾರೆ ಎಂದು ಇನ್ನೊಬ್ಬರು. ಬಸರಾದ ಮನುಷ್ಯ ಅಲ್ಲಿ ಬಂದು ನಿಂತಿದ್ದ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಅಜ್ಜ ಕಚೇರಿಗೆ ಇನ್ನೊಂದು ಪತ್ರ ಬರೆದರು, ತಮ್ಮದೇ ನಡುಗುವ ಅಕ್ಷರದಲ್ಲಿ. ಅದು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ನನಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ನಾನು ಬೆಳಗಾವಿಗೆ ಹೊರಟಾಗ ಸಂದೂಕ ತೆಗೆದು ತರಬೂಷವನ್ನು ನನ್ನ ಟ್ರಂಕಿನಲ್ಲಿಟ್ಟು, "ನಿನ್ನ ಭಾಷಣಕ್ಕ ಬೇಕಲ್ಲ" ಎಂದರು, ಅಷ್ಟೇ.

ಸ್ಕೂಲ್ ಹಾಲಿನಲ್ಲಿ ಅದನ್ನು ಹಾಕಿಕೊಂಡು ನಿಂತೆ. ದೊಡ್ಡದಾಗಿ ಹುಬ್ಬಿನವರೆಗೆ ಇಳಿಯುತ್ತಿತ್ತು, ಒಳಗೆ ಅಜ್ಜನ ಸಂದೂಕದ ಕರ್ಪೂರದ ವಾಸನೆ. ಅರಬಿಗಾಗಿ ಅರ್ಜಿ, ಗಲ್ಲಿಗೇರಿದ ಗೆಳೆಯ, ದಂಡಿನಲ್ಲಿದ್ದ ತಮ್ಮ, ಮರಳುಗಾಡಿಗೆ ಓಡಿದ ಅಣ್ಣನ ಮಗ, ಎಲ್ಲ ಹೇಳಿದೆ. "ಐ ಆ್ಯಮ್" ಎಂದೆ. ಮುಂದಿನದು ಬರಲಿಲ್ಲ. ಟೊಪ್ಪಿಗೆ ತೆಗೆದು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದೆ. ಮರೆತಳು ಎಂದು ಹಿಂದಿನ ಸಾಲಿನವರು ನಕ್ಕರು. ಸಿಸ್ಟರ್ ನನ್ನ ಹೆಸರಿನ ಮುಂದೆ "ಇನ್‌ಕಂಪ್ಲೀಟ್" ಎಂದು ಬರೆದರು. ಪಾಪ, ಸರಿಯಾಗಿಯೇ ಬರೆದರು.

ಎರಡು ವರ್ಷಕ್ಕೆ ಅಜ್ಜ ಹೋದರು. ಆ ದಿನ ಗಣೂಮಾಮಾ ಬಂದರು, ಮಾಸ್ತರೂ ಬಂದರು, ಇಬ್ಬರೂ ಬರಿದಲೆಯಲ್ಲಿ. ಅಜ್ಜನೊಬ್ಬರಿಗೆ ಮಾತ್ರ ಅಜ್ಜಿ ರುಮಾಲು ಸುತ್ತಿಸಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ವಾಚನಾಲಯ ಮತ್ತೊಂದಿಷ್ಟು ದಿನ ನಡೆಯಿತು. ಅರ್ಧ ಓದುಗರು ಹೋದ ಮೇಲೆ ಉಳಿದ ಅರ್ಧಕ್ಕೂ ಜಗಳವಾಡಲು ಯಾರೂ ಇಲ್ಲದೆ ಬೇಸರ ಬಂದಿರಬೇಕು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ನಾನು ಈಗಲೂ ಬೆಳಗಾವಿಯಲ್ಲೇ, ಸದಾಶಿವನಗರದಲ್ಲಿದ್ದೇನೆ. ಹೊಸದಾಗಿ ಪರಿಚಯವಾದವರು ನನ್ನ ಮಾತು ಕೇಳಿ ಐದು ನಿಮಿಷದೊಳಗೆ ನೀವು ಕನ್ನಡದವರೋ ಮರಾಠಿಯವರೋ ಎನ್ನುತ್ತಾರೆ. ಮೊದಲು ಊರು ಕೇಳುತ್ತಿದ್ದರು, ಊಟ ಕೇಳುತ್ತಿದ್ದರು. ಆ ಟೊಪ್ಪಿಗೆ ನನ್ನ ಕಪಾಟಿನಲ್ಲಿದೆ, ಗೊಂಡೆ ಉದುರಿದೆ. ಅದಕ್ಕೆ ಇಲ್ಲಿ ಏನೂ ಅರ್ಥವಿಲ್ಲ ಎಂದು ಎಫೆಂದಿ ನಂಬಿದ್ದ.

ಅಜ್ಜನ ಮೂರು ಪುಟವನ್ನು ಮತ್ತೆ ಬರೆದಿಡಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಮೊದಲ ಸಾಲು ಗೊತ್ತು, ಕಡೆಯ ಸಾಲು ಗೊತ್ತು. ನಡುವೆ ಗಡಿಯಾರ ಗಣಪತರಾಯರ ತಂದೆಯದು ಎಂದಿತ್ತು. ಅಕ್ಷರ ಬಾರದ ಕುಂಬಾರ ಓಣಿಯವರಿಗೆ ಮಾಸ್ತರು ಮರಾಠಿ ಪೇಪರನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು ಎಂದಿತ್ತು. ಬೆಂಚು ಯಾರೋ ಕೊಟ್ಟದ್ದು. ಯಾರು? ಎರಡನೆಯ ಪುಟದ ಕೆಳಗೆ ಅಜ್ಜಿಯ ಬಗ್ಗೆಯೂ ಒಂದು ಸಾಲಿತ್ತು, ಅದು ಏನೆಂದು ಬರುವುದೇ ಇಲ್ಲ. ಎಷ್ಟು ಹೆಣಗಿದರೂ ಒಂದು ಪುಟಕ್ಕಿಂತ ಹೆಚ್ಚು ಆಗುವುದಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ಹಂಡೆಯ ಒಲೆ, ಅದರ ಬಾಯಲ್ಲಿ ಅಂಚಿನಿಂದ ಸುರುಟಿಕೊಳ್ಳುತ್ತಿರುವ ನೀಲಿ ಶಾಯಿಯ ಕಾಗದ, ಮತ್ತು ಒಳಗಿನಿಂದ ಅಜ್ಜಿ ಕೂಗಿದ್ದು: "ವಿಜೂ, ಪಾಣೀ ತಾಪಲಂ ಗ." ನೀರು ಚೆನ್ನಾಗಿ ಕಾದಿತ್ತು.